ಅಮ್ಮನಿಗೊಂದು ಕಟ್ಟು

ಹಟ್ಟಿ ಕ್ಯಾಂಪ್
೨೯ ಜೂನ್ ೨೦೨೫

ತಮ್ಮ ಸುಧಾಕರನಿಗೆ,

ಸಿಟ್ಟು ಇನ್ನೂ ಇಳಿಯದ ನಿನ್ನ ಅಕ್ಕ ಕಲ್ಪನ ಬರೆಯುವುದು. ನಿನ್ನ ಜೊತೆ ಇನ್ನು ಮಾತಿಲ್ಲ ಎಂದು ಹೋದ ಶ್ರಾವಣದಲ್ಲಿ ಹೇಳಿ ಬಂದಿದ್ದೆ. ಹೇಳಿದ ಹಾಗೆ ನಡೆದುಕೊಂಡಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಬಾವ ಎತ್ತಿ "ಹಿತ್ತಲಲ್ಲಿದ್ದಾಳೆ" ಎನ್ನುತ್ತಾರಲ್ಲ, ಆಗ ನಾನು ಅವರ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿರುತ್ತೇನೆ. ಆದರೆ ಬರೆಯುವುದಿಲ್ಲ ಎಂದು ನಾನು ಯಾವತ್ತೂ ಹೇಳಿರಲಿಲ್ಲ. ಹಾಗಾಗಿ ಈ ಕಾಗದ.

ಅಪ್ಪನ ವರ್ಷದ ತಿಥಿಯ ದಿನ ನಿನ್ನ ಮನೆಯಲ್ಲಿ ನಡೆದದ್ದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಗೋಡೆಯ ಮೇಲೆ ಅಪ್ಪ, ತೇಗದ ಪಟ್ಟಿಯ ಕಟ್ಟಿನಲ್ಲಿ, ಗಂಧದ ಹಾರ ಹಾಕಿಕೊಂಡು. ಪಕ್ಕದಲ್ಲಿ ಅಮ್ಮನ ಹೆಸರಿಗೆ ಒಂದು ಹಿತ್ತಾಳೆ ಚೊಂಬು, ಅದಕ್ಕೆ ಅರಿಶಿನದ ದಾರ. ಅಮ್ಮನಿಗೆ ಅಷ್ಟೇ ಏನೋ ಎಂದು ನಾನು ಕೇಳಿದ್ದಕ್ಕೆ ನೆಂಟರೆಲ್ಲರ ಎದುರಿಗೆ ನೀನು ಏನಂದೆ? "ನಂಗೆ ಅಮ್ಮ ಅಂದ್ರೆ ಚೊಂಬೇ ಕಣಕ್ಕ. ಮುಖ ನೋಡಿದ್ರೆ ತಾನೆ." ನಾನು ಎಲೆಯ ಮುಂದೆ ಕೂರದೆ ಎದ್ದು ಬಂದೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಬರುವವರೆಗೂ ಅತ್ತೆ.

ಮನೆಗೆ ಮಾರಿ, ಊರಿಗೆ ಉಪಕಾರಿ. ಊರವರ ಫೋಟೋಗಳಿಗೆಲ್ಲ ಕಟ್ಟು ಹಾಕುವ ಕಸುಬು ನಿನ್ನದು. ಆಂಡರ್ಸನ್‌ಪೇಟೆಯ ಯಾರ ಮನೆಗೆ ಹೋದರೂ ಅವರ ಅಮ್ಮಂದಿರು ನೀನು ಹಾಕಿದ ಕಟ್ಟಿನೊಳಗೆ ತಣ್ಣಗೆ ಕೂತಿದ್ದಾರೆ. ನಮ್ಮಮ್ಮ ಅಕ್ಕಯ್ಯಮ್ಮನಿಗೆ ಮಾತ್ರ ಗೋಡೆಯಲ್ಲಿ ಜಾಗವಿಲ್ಲ. ಈ ಸಲದ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಅಪ್ಪನ ಪಕ್ಕದಲ್ಲಿ ಅಮ್ಮ ಇರಬೇಕು. ಇಲ್ಲದಿದ್ದರೆ ಆ ಗೋಡೆಯ ಮುಂದೆ ನಾನು ಮತ್ತೆ ಬಂದು ಕೂರುವುದಿಲ್ಲ. ತವರು ಎನ್ನುವುದನ್ನೂ ಅಲ್ಲಿಗೇ ಬಿಡುತ್ತೇನೆ. ಹೇಗೆ ಮಾಡುತ್ತೀಯೋ ನಿನಗೆ ಬಿಟ್ಟದ್ದು.

ರಾಧಳನ್ನು ಕೇಳಿದೆನೆಂದು ಹೇಳು. ನವ್ಯಳಿಗೆ ಅತ್ತೆಯ ಮುತ್ತು. ನಿನಗೆ ಆಶೀರ್ವಾದ ಇದೆ, ಆದರೆ ತೀರಾ ಸ್ವಲ್ಪ.

ಕಲ್ಪನ

~

ಆಂಡರ್ಸನ್‌ಪೇಟೆ
೮ ಜುಲೈ ೨೦೨೫

ಅಕ್ಕನಿಗೆ ನಮಸ್ಕಾರ.

ಪೋಸ್ಟ್‌ಮ್ಯಾನ್ ನಿನ್ನ ಕಾಗದವನ್ನು ಅಂಗಡಿಗೇ ತಂದುಕೊಟ್ಟ. ಕೈಬರಹದ ಲಕೋಟೆ ನೋಡಿ ಎಷ್ಟು ವರ್ಷವಾಗಿತ್ತೋ, ಕೋರ್ಟಿನ ನೋಟಿಸು ಎಂದುಕೊಂಡೆ. ಓದಿದ ಮೇಲೆ ನೋಟಿಸೇ ವಾಸಿ ಅನ್ನಿಸಿತು.

ಚೊಂಬಿನ ಮಾತು ಆಡಬಾರದಿತ್ತು. ನೆಂಟರ ಮುಂದಂತೂ ಆಡಲೇಬಾರದಿತ್ತು. ಆದರೆ ಅದು ಸುಳ್ಳಲ್ಲ ಅಕ್ಕ. ಅಮ್ಮ ಹೋದಾಗ ನನಗೆ ಎರಡು ವರ್ಷ, ನಿನಗೆ ಒಂಬತ್ತು. ನಿನ್ನ ಹತ್ತಿರ ಒಂದು ಮುಖ ಇದೆ. ಕಣ್ಣು ಮುಚ್ಚಿದರೆ ನಿನಗೆ ಕಾಣುತ್ತಾಳೆ. ನಾನು ಕಣ್ಣು ಮುಚ್ಚಿದರೆ ಕತ್ತಲೆ ಬಿಟ್ಟು ಬೇರೇನೂ ಇಲ್ಲ. ಚಿಕ್ಕಂದಿನಿಂದ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಿರುವುದು ಅದೊಂದಕ್ಕೇ.

ಅಂಗಡಿಗೆ ಯಾರು ಫೋಟೋ ತಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದ್ದಾರಾ, ಹೋದರಾ? ಹೋದವರಾದರೆ ಕಟ್ಟಿನ ಮೇಲೆ ಹಾರಕ್ಕೆ ಎರಡು ಮೊಳೆ, ಕೆಳಗೆ ದೀಪಕ್ಕೆ ಒಂದು ಹಲಗೆ. ಇರುವವರಾದರೆ ಅದಾವುದೂ ಇಲ್ಲ. ಇರುವವರ ಕಟ್ಟಿಗೆ ಅಪ್ಪಿತಪ್ಪಿಯೂ ಹಾರದ ಮೊಳೆ ಹೊಡೆಯಬಾರದು ಎಂದು ನನಗೆ ಕೆಲಸ ಕಲಿಸಿದ ಕುಪ್ಪುಸ್ವಾಮಿ ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು. ಹೀಗೆ ಊರವರನ್ನೆಲ್ಲ ಕೇಳುವ ನಾನು ನನ್ನ ಅಮ್ಮನ ಫೋಟೋ ಎಂದು ಏನನ್ನು ಮೇಜಿನ ಮೇಲಿಡಲಿ?

ಹುಡುಕಿಲ್ಲ ಎಂದುಕೊಳ್ಳಬೇಡ. ಅಪ್ಪನ ಟ್ರಂಕು ನೋಡಿದ್ದಾಯಿತು. ಚಿಕ್ಕಪ್ಪನ ಮನೆಯಿಂದ ಹಳೇ ಮದುವೆಯೊಂದರ ಫೋಟೋಗಳನ್ನು ತರಿಸಿದೆ. ಅದರಲ್ಲಿ ಪಂಕ್ತಿಗೆ ಬಡಿಸುತ್ತಿರುವ ಒಂದು ಕೈ ಇದೆ, ಮೊಣಕೈವರೆಗೆ ಬಳೆ. ಅದು ಅಮ್ಮನದೇ ಎಂದು ಚಿಕ್ಕಪ್ಪ, ತನ್ನದು ಎಂದು ಚಿಕ್ಕಮ್ಮ. ಇಬ್ಬರೂ ಜಗಳವಾಡಿ ಮಾತು ಬಿಟ್ಟಿದ್ದಾರೆ. ನಮ್ಮ ವಂಶಕ್ಕೇ ಅದು ಬಂದಿದೆ.

ಪಕ್ಕದ ಸ್ಟುಡಿಯೋ ಸೆಲ್ವರಾಜ್ ಒಂದು ದಾರಿ ಹೇಳಿದ್ದಾನೆ. ಈಗ ಕಂಪ್ಯೂಟರಿನಲ್ಲಿ ಇಲ್ಲದ ಮುಖವನ್ನೂ ಮಾಡಬಹುದಂತೆ. ಅಮ್ಮ ಹೇಗಿದ್ದಳೆಂದು ನೀನು ಬಿಡಿಸಿ ಬರೆ. ಹಣೆ, ಹುಬ್ಬು, ಮೂಗು, ಏನೂ ಬಿಡಬೇಡ. ನಮ್ಮಿಬ್ಬರಲ್ಲಿ ನೋಡಿದವಳು ನೀನೊಬ್ಬಳೇ.

ಸುಧಾಕರ

~

ಹಟ್ಟಿ ಕ್ಯಾಂಪ್
೧೭ ಜುಲೈ ೨೦೨೫

ತಮ್ಮ ಸುಧಾಕರನಿಗೆ ಆಶೀರ್ವಾದ. ಹೋದ ಸಲಕ್ಕಿಂತ ಸ್ವಲ್ಪ ಜಾಸ್ತಿ.

ಅಮ್ಮ ಹೇಗಿದ್ದಳೆಂದು ಕೇಳಿದ್ದೀಯ. ಬರೆದುಕೋ. ಹಣೆ ಅಗಲ. ಹುಬ್ಬುಗಳು ನಡುವೆ ಕೂಡಿಕೊಂಡಿದ್ದವು. ಮೂಗಿನ ಎರಡೂ ಕಡೆ ಮೂಗುಬೊಟ್ಟು, ಬಲಗಡೆಯದು ಸ್ವಲ್ಪ ದೊಡ್ಡದು. ಹಣೆಗೆ ಕಾಸಗಲ ಕುಂಕುಮ. ಬೈತಲೆ ನೇರವಾಗಿ ತೆಗೆದು, ಹರಳೆಣ್ಣೆ ಹಚ್ಚಿ, ಗಂಟು ಹಾಕುತ್ತಿದ್ದಳು. ನಗುವಾಗ ಸೆರಗು ಬಾಯಿಗೆ ಅಡ್ಡ ಬರುತ್ತಿತ್ತು. ಹಸಿರು ಅಂಚಿನ ಕೆಂಪು ಸೀರೆ ಒಂದಿತ್ತು, ಅದನ್ನೇ ಉಡಿಸಿ ಎಂದು ಸೆಲ್ವರಾಜನಿಗೆ ಹೇಳು.

ಮುಖ್ಯವಾದದ್ದು ಒಂದಿದೆ. ಸ್ಟುಡಿಯೋದವರಿಗೆ ಎಲ್ಲರನ್ನೂ ಬೆಳ್ಳಗೆ ಮಾಡುವ ಚಟ. ನಮ್ಮ ಅಪ್ಪನನ್ನು ಸುಣ್ಣ ಬಳಿದ ಗೋಡೆ ಮಾಡಿಟ್ಟಿದ್ದಾನೆ ಅವನು. ಅಮ್ಮ ಕಪ್ಪು, ಒಳ್ಳೆ ಮಿರಿಮಿರಿ ಕಪ್ಪು. ಬಿಸಿಲಲ್ಲಿ ನಡೆದವಳು. ಬೇತಮಂಗಲದ ಆಚೆಯಿಂದ ಸೌದೆ ಹೊರೆ ಹೊತ್ತು ಕೋರಮಂಡಲ್ ಗಣಿ ಕೆಲಸಗಾರರ ಲೈನುಗಳಿಗೆ ಹೋಗಿ ಮಾರಿಕೊಂಡು ಬರುತ್ತಿದ್ದವಳು. ಅವಳ ಬಣ್ಣ ತೆಗೆದರೆ ಅವಳ ದುಡಿಮೆ ತೆಗೆದ ಹಾಗೆ.

ಇನ್ನೊಂದು. ಅಮ್ಮ ಹೋದಾಗ ಇಪ್ಪತ್ತೆಂಟೋ ಮೂವತ್ತೋ. ಈಗಿನ ನಿನ್ನ ರಾಧಳಿಗಿಂತ ಚಿಕ್ಕವಳು. ಅಜ್ಜಿಯ ಹಾಗೆ ಮಾಡಿಸಬೇಡ. ಅಪ್ಪನ ಪಕ್ಕ ಮಗಳ ಹಾಗೆ ಕಂಡರೂ ಚಿಂತೆಯಿಲ್ಲ.

ಬೆಳಿಗ್ಗೆ ಎದ್ದರೆ ಈಚೆಗೆ ತಲೆ ಸ್ವಲ್ಪ ತಿರುಗಿದ ಹಾಗಾಗುತ್ತದೆ. ಬಿಸಿಲು ಜಾಸ್ತಿ ಇಲ್ಲಿ. ಬೇರೇನೂ ಇಲ್ಲ.

ಕಲ್ಪನ

~

ಆಂಡರ್ಸನ್‌ಪೇಟೆ
೩ ಆಗಸ್ಟ್ ೨೦೨೫

ಅಕ್ಕನಿಗೆ ನಮಸ್ಕಾರ.

ಇದರ ಜೊತೆ ರಟ್ಟಿನ ಮಧ್ಯೆ ಒಂದು ಫೋಟೋ ಇದೆ. ಮೊದಲು ಕಾಗದ ಓದು, ಆಮೇಲೆ ಬಿಚ್ಚು. ನಿನಗೆ ಆ ತಾಳ್ಮೆ ಇಲ್ಲವೆಂದು ಗೊತ್ತು, ಆದರೂ ಹೇಳುತ್ತೇನೆ.

ನೀನು ಬರೆದದ್ದನ್ನು ಸೆಲ್ವರಾಜನಿಗೆ ಓದಿ ಹೇಳಿದೆ. ಅವನು ಕಂಪ್ಯೂಟರಿಗೆ ಕೊಟ್ಟ. ಅದು ಸಿನಿಮಾ ನಟಿಯರ ಹಾಗಿರುವ ಹೆಂಗಸರನ್ನು ಒಬ್ಬರ ಹಿಂದೆ ಒಬ್ಬರಂತೆ ತಂದು ನಿಲ್ಲಿಸಿತು. ಒಬ್ಬಳ ತಲೆಯ ಮೇಲೆ ಕಿರೀಟವೂ ಇತ್ತು. ಇದು ಯಾವ ಸೌದೆ ಮಾರುವವಳ ಮುಖವಯ್ಯಾ ಎಂದು ನಾನು ರೇಗಿದೆ. ಅವನೂ ರೇಗಿದ. ಬಣ್ಣದ ವಿಷಯಕ್ಕಂತೂ ದೊಡ್ಡ ಜಗಳವೇ ಆಯಿತು. ಅವನು ಬೆಳ್ಳಗೆ ಮಾಡುವುದು, ನಾನು ಕಪ್ಪು ಎನ್ನುವುದು, ಹೀಗೇ ಸಂಜೆಯಾಯಿತು.

ಆಮೇಲೆ ನಾನು ಬಸ್ಸು ಹತ್ತಿ ಊರಿಗೆ ಹೋಗಿ ಅಮ್ಮಾಜಮ್ಮಜ್ಜಿಯನ್ನು ಕಂಡೆ. ನಮ್ಮ ಹಳೇ ಮನೆಯ ಪಕ್ಕದ ಅಜ್ಜಿ, ಅಮ್ಮನ ಜೊತೆ ಸೌದೆಗೆ ಹೋಗುತ್ತಿದ್ದವರಲ್ಲಿ ಈಗ ಉಳಿದಿರುವುದು ಅದೊಂದೇ. ಕಣ್ಣಿಗೆ ಪೊರೆ ಬಂದು ನೆರಳು ಮಾತ್ರ ಕಾಣುತ್ತದಂತೆ. ಕೈ ಹಿಡಿದುಕೊಂಡು, "ಅಕ್ಕಯ್ಯನ ಮಗನಾ, ನಿಮ್ಮಮ್ಮ ಓಗೋವಾಗ ನಿನ್ನ ನಂ ತೊಡೆ ಮ್ಯಾಲೆ ಮಲಗ್ಸಿದ್ಲು ಕಣಪ್ಪ" ಎಂದಿತು. ಅಮ್ಮನ ಮುಖದ ಬಗ್ಗೆ ಅಜ್ಜಿ ಒಂದು ಮಾತು ಹೇಳಿತು. ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಅದಾದ ಮೇಲೆ ಸೆಲ್ವರಾಜ್ ಮತ್ತೆ ಕೂತು ಮಾಡಿದ. ನೀನು ಹೇಳಿದ ಮೂಗುಬೊಟ್ಟು, ಕುಂಕುಮ, ಹಸಿರು ಅಂಚು, ಎಲ್ಲ ಇದೆ. ನೋಡಿ ಹೌದು ಎನ್ನುವುದೋ ಅಲ್ಲ ಎನ್ನುವುದೋ ನಿನ್ನ ಕೈಲಿದೆ. ನೀನು ಹೌದು ಎಂದರೆ ಮಾತ್ರ ಕಟ್ಟು ಹಾಕುತ್ತೇನೆ.

ನನಗಂತೂ ನೋಡಿದ ಕೂಡಲೇ ಇವಳು ನಮ್ಮವಳು ಅನ್ನಿಸಿತು.

ಸುಧಾಕರ

~

ಹಟ್ಟಿ ಕ್ಯಾಂಪ್
೧೧ ಆಗಸ್ಟ್ ೨೦೨೫

ತಮ್ಮ,

ಫೋಟೋ ಬಂತು. ಚೆನ್ನಾಗಿದೆ. ಬಣ್ಣವೂ ಸರಿಯಾಗಿದೆ. ಕಿವಿಯನ್ನಂತೂ ಬಹಳ ಚೆನ್ನಾಗಿ ಮಾಡಿಸಿದ್ದೀಯ.

ಹೌದು ಎಂದೇ ಇಟ್ಟುಕೋ.

ಕಲ್ಪನ

~

ಆಂಡರ್ಸನ್‌ಪೇಟೆ
೧೯ ಆಗಸ್ಟ್ ೨೦೨೫

ಅಕ್ಕನಿಗೆ ನಮಸ್ಕಾರ.

ನೀನು ನಾಲ್ಕು ಸಾಲು ಬರೆದದ್ದು ನೋಡಿ ನನಗೆ ಅರ್ಥವಾಯಿತು. ಅಮ್ಮನನ್ನು ನೋಡಿದ ಮೇಲೆ ಇನ್ನೇನು ಬರೆಯುತ್ತೀಯ? ಅತ್ತಿರುತ್ತೀಯ. ಅಳು, ತಪ್ಪಿಲ್ಲ.

ಮಹಾಲಯದವರೆಗೆ ಕಾಯಲು ನನ್ನಿಂದಾಗಲಿಲ್ಲ. ಮೊನ್ನೆ ಅಪ್ಪನ ತಿಥಿ ಇತ್ತಲ್ಲ, ಆವತ್ತೇ ಅಪ್ಪನ ಪಕ್ಕ ಅಮ್ಮನನ್ನೂ ತೂಗುಹಾಕಿದೆ. ಅಪ್ಪನದಕ್ಕೆ ಹಾಕಿದ್ದ ತೇಗದ ಪಟ್ಟಿಯಲ್ಲೇ ಉಳಿದದ್ದನ್ನು ಹುಡುಕಿ ತೆಗೆದು ಕಟ್ಟು ಹಾಕಿದೆ. ಮೂಲೆಗಳು ಎಷ್ಟು ಚೆನ್ನಾಗಿ ಕೂತವೆಂದರೆ ಕೂದಲು ತೂರದು. ಹಾರ ಹಾಕಿದೆವು. ದೀಪ ಹಚ್ಚಿದೆವು. ರಾಧ ಮುದ್ದೆ, ಬಸ್ಸಾರು, ವಡೆ, ಎಲ್ಲ ಮಾಡಿ ಇಬ್ಬರಿಗೂ ಎಡೆ ಇಟ್ಟಳು. ಆ ಚೊಂಬನ್ನು ಅಡುಗೆಮನೆಗೆ ಕಳಿಸಿದ್ದೇನೆ.

ನವ್ಯ ಕೈಮುಗಿದು ನಿಂತವಳು, "ಅಜ್ಜಿ ಎಷ್ಟು ಚೆಂದ ಇದ್ರು ಅಲ್ವಾಪ್ಪ" ಎಂದಳು. ನಲವತ್ತೈದು ವರ್ಷಕ್ಕೆ ಮೊದಲ ಸಲ ಅಪ್ಪ ಅಮ್ಮ ಇಬ್ಬರ ಮುಂದೆ ಬಗ್ಗಿದೆ ಅಕ್ಕ. ಮಹಾಲಯಕ್ಕೆ ನೀನೂ ಬಾವನೂ ಬಂದೇ ಬರಬೇಕು. ಇನ್ನು ನಿನಗೆ ನೆಪವಿಲ್ಲ.

ಸುಧಾಕರ

~

ಆಂಡರ್ಸನ್‌ಪೇಟೆ
೩೦ ಆಗಸ್ಟ್ ೨೦೨೫

ಅಕ್ಕ,

ಗೌರಿಹಬ್ಬದ ಬೆಳಿಗ್ಗೆ ನಿನಗೆ ಬಾಗಿನ ಕಳಿಸಲು ಹೊರಟವನಿಗೆ ಕದಿರಪ್ಪ ಬಾವನ ಫೋನು ಬಂತು. ನೀನು ಬಚ್ಚಲಲ್ಲಿ ಬಿದ್ದೆಯೆಂದೂ ಲಿಂಗಸುಗೂರಿನ ಆಸ್ಪತ್ರೆಗೆ ಸೇರಿಸಿದ್ದಾರೆಂದೂ ಹೇಳಿದರು. ಯಾವಾಗ ಬಿದ್ದದ್ದು ಎಂದು ಕೇಳಿದೆ. ಹಿಂದಿನ ದಿನ ಎಂದರು. ನಾನು ಫೋನ್ ಹಿಡಿದುಕೊಂಡೇ ಒಳಗೆ ಓಡಿ ಅಮ್ಮನ ಕಟ್ಟಿನಿಂದ ಹಾರ ಕಿತ್ತೆ. ದೀಪ ಆರಿಸಿದೆ.

ಈಗ ಪರವಾಗಿಲ್ಲ, ಮನೆಗೆ ಬಂದಿದ್ದೀಯ ಎಂದು ಬಾವ ಹೇಳಿದ ಮೇಲೆ ಈ ಕಾಗದ ಬರೆಯಲು ಕೂತಿದ್ದೇನೆ. ನಿನಗೆ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿಬಿಡುತ್ತೇನೆ.

ಆವತ್ತು ಅಮ್ಮಾಜಮ್ಮಜ್ಜಿ ಹೇಳಿದ ಮಾತು ಇದು: "ಅಕ್ಕಯ್ಯನ್ನ ನೋಡ್ಬೇಕು ಅಂದ್ರೆ ಎಲ್ಲೆಲ್ಲೋ ಯಾಕಲಾ ಉಡುಕ್ತೀಯ? ನಿಮ್ಮಕ್ಕನ್ನ ನೋಡು. ಅಚ್ಚು ಒತ್ತಿದಂಗೆ ಅದೇ ಮೊಕ." ಅಂಗಡಿಗೆ ಬಂದು ನಿನ್ನ ಮದುವೆಯ ಆಲ್ಬಂ ತೆಗೆದೆ. ಆರತಿಯ ಹೊತ್ತಲ್ಲಿ ನೀನು ಮುಖ ಎತ್ತಿ ನೋಡುತ್ತಿರುವ ಫೋಟೋ ಇದೆಯಲ್ಲ, ಅದನ್ನು ಸೆಲ್ವರಾಜನಿಗೆ ಕೊಟ್ಟೆ. ಅವನು "ಒಂದು ಮುಖ ಕೊಟ್ಟೆಯಲ್ಲ, ಮಿಕ್ಕಿದ್ದು ನಾ ಪಾತ್ತುಕ್ರೇನ್" ಎಂದು ತನ್ನ ತಮಿಳಿನಲ್ಲಿ ಹೊಣೆ ಹೊತ್ತ. ಬಾಸಿಂಗ ತೆಗೆದ, ಬೈತಲೆ ನೇರ ಮಾಡಿದ, ಎರಡು ಕಡೆ ಮೂಗುಬೊಟ್ಟು ಇಟ್ಟ, ಸೀರೆ ಬದಲಿಸಿದ. ಗೋಡೆಯ ಮೇಲೆ ಇದ್ದದ್ದು ನೀನು.

ಇದ್ದಾರಾ ಹೋದರಾ ಎಂದು ಲೋಕವನ್ನೆಲ್ಲ ಕೇಳುವವನು ನಾನು. ಬದುಕಿರುವ ಅಕ್ಕನ ಕಟ್ಟಿಗೆ ನನ್ನ ಕೈಯಾರೆ ಹಾರದ ಮೊಳೆ ಹೊಡೆದೆ, ಎಡೆ ಇಟ್ಟೆ, ಮಗಳ ಕೈಲಿ ಅಜ್ಜಿ ಎಂದು ಕೈ ಮುಗಿಸಿದೆ. ನೀನು ಹೌದು ಎಂದೆಯಲ್ಲ, ಹಾಗಾದರೆ ಅದು ಅಮ್ಮನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನನಗೆ ಒಬ್ಬಳು ಅಮ್ಮ ಬೇಕಾಗಿತ್ತು ಅಕ್ಕ. ಅದಕ್ಕೆ ಇರುವ ಒಬ್ಬಳು ಅಕ್ಕನನ್ನು ಕೊಟ್ಟುಬಿಡುತ್ತಿದ್ದೆನಲ್ಲ.

ಮುನೇಶ್ವರನ ಗುಡಿಗೆ ಹೋಗಿ ನಿನ್ನ ಹೆಸರಿನಲ್ಲಿ ಪೂಜೆ ಮಾಡಿಸಿದೆ. ಕಟ್ಟನ್ನು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ. ಬೈಯುವುದಾದರೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಸುಧಾಕರ

~

ಹಟ್ಟಿ ಕ್ಯಾಂಪ್
೭ ಸೆಪ್ಟೆಂಬರ್ ೨೦೨೫

ನನ್ನ ತಮ್ಮನಿಗೆ,

ಬಿಪಿ ಮಾತ್ರೆ ಬಿಟ್ಟಿದ್ದೆ. ಅದಕ್ಕೇ ಬಿದ್ದೆ. ತಲೆ ತಿರುಗುತ್ತದೆ ಎಂದು ಒಂದು ತಿಂಗಳು ಮೊದಲೇ ನಿನಗೆ ಬರೆದಿರಲಿಲ್ಲವೇ? ನಿನ್ನ ಹಾರಕ್ಕೂ ನನ್ನ ಬಚ್ಚಲಿಗೂ ಸಂಬಂಧವಿಲ್ಲ. ಬದುಕಿದ್ದವರು ಸತ್ತರೆಂದು ಸುದ್ದಿಯಾದರೆ ಆಯುಸ್ಸು ಹೆಚ್ಚುತ್ತದೆ ಅನ್ನುತ್ತಾರೆ. ನೀನು ಎಡೆಯನ್ನೇ ಇಟ್ಟಿದ್ದೀಯ, ನಾನಿನ್ನು ತೊಂಬತ್ತು ದಾಟುತ್ತೇನೆ. ನನ್ನ ಎಡೆಗೆ ವಡೆ ಇತ್ತು ಎಂದು ಬರೆದಿದ್ದೀಯ. ಪಾಯಸ ಇತ್ತೋ ಇಲ್ಲವೋ?

ಇನ್ನು ಫೋಟೋದ ವಿಷಯ. ರಟ್ಟು ಬಿಚ್ಚಿದ ಕೂಡಲೇ ನನಗೆ ಗೊತ್ತಾಯಿತು ಕಣೋ. ನನ್ನ ಮುಖ ನನಗೆ ಗೊತ್ತಾಗುವುದಿಲ್ಲವೇ? ಸೆಲ್ವರಾಜ್ ಎಲ್ಲ ಬದಲಿಸಿದ, ಎಡಗಿವಿ ಬದಲಿಸುವುದನ್ನು ಮರೆತ. ಆ ಕಿವಿಯ ತೂತು ಸೀಳಿದೆ ನೋಡು. ನೀನು ತೊಡೆಯ ಮೇಲೆ ಕೂತು ನನ್ನ ಜುಮುಕಿ ಹಿಡಿದು ಎಳೆದದ್ದು ಅದು. ಅಮ್ಮನ ಕಿವಿಗೆ ಅದು ಹೇಗೆ ಬರುತ್ತದೆ? ಕಿವಿ ಚೆನ್ನಾಗಿ ಮಾಡಿಸಿದ್ದೀಯ ಎಂದು ಬರೆದೆನಲ್ಲ. ನೀನು ಅರ್ಥ ಮಾಡಿಕೊಳ್ಳುತ್ತೀಯ ಎಂದುಕೊಂಡೆ. ನೀನು ಹಾರ ತರಲು ಹೋದೆ.

ಗೊತ್ತಿದ್ದೂ ಹೌದು ಎಂದು ಯಾಕೆ ಬರೆದೆ ಎಂದು ಕೇಳುತ್ತೀಯ. ಅಲ್ಲ ಎನ್ನಲು ನನ್ನ ಹತ್ತಿರ ಬೇರೆ ಮುಖ ಇರಲಿಲ್ಲ.

ನನಗೆ ಅಮ್ಮನ ಮುಖ ನೆನಪಿಲ್ಲ ಸುಧಾಕರ. ಯಾವಾಗ ಹೋಯಿತೋ ಗೊತ್ತಿಲ್ಲ. ನನ್ನ ಮದುವೆಯ ದಿನ ಅಮ್ಮನನ್ನು ನೆನೆದುಕೊಂಡು ಅಳೋಣವೆಂದರೆ ಮುಖವೇ ಬರಲಿಲ್ಲ. ಆವತ್ತು ಅದಕ್ಕೇ ಹೆಚ್ಚು ಅತ್ತೆ. ನಿನಗೆ ಬರೆದ ಅಗಲ ಹಣೆ ನನಗೆ ಮೂರನೇ ಕ್ಲಾಸಿಗಿದ್ದ ಶಶಿರೇಖ ಟೀಚರದು. ಕೂಡಿದ ಹುಬ್ಬು ಯಾರದೋ. ನೀನು ನಾಲ್ಕೈದು ವರ್ಷದವನಿದ್ದಾಗ ನನ್ನ ಲಂಗ ಹಿಡಿದುಕೊಂಡು, "ಅಮ್ಮ ಎಂಗಿದ್ಲು ಏಳಕ್ಕ" ಎನ್ನುತ್ತಿದ್ದೆ. ಅಮ್ಮನಿಲ್ಲದ ಮಗುವಿಗೆ ಗೊತ್ತಿಲ್ಲ ಎನ್ನಲಾಗುತ್ತದೆಯೇ? ಒಂದೊಂದು ಸಲ ಒಂದೊಂದು ಹೇಳುತ್ತಿದ್ದೆ. ನೀನು ಕೇಳಿ ನಿದ್ದೆ ಮಾಡುತ್ತಿದ್ದೆ. ಅದನ್ನು ತಪ್ಪು ಎಂದು ನಾನು ಒಪ್ಪುವುದಿಲ್ಲ. ಮತ್ತೆ ಅಂಥ ದಿನ ಬಂದರೆ ಮತ್ತೆ ಹೇಳುತ್ತೇನೆ.

ಮುಖ ಯಾಕೆ ನಿಲ್ಲಲಿಲ್ಲ ಎಂದು ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಯೋಚಿಸಿದೆ. ಅವಳ ಮುಖ ನೋಡುವ ಹೊತ್ತೇ ಇರಲಿಲ್ಲ ನಮಗೆ. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಅಮ್ಮ ಮುಂದೆ, ತಲೆಯ ಮೇಲೆ ಸೌದೆ ಹೊರೆ. ನಾನು ಹಿಂದೆ, ನೀನು ಅವಳ ಕಂಕುಳಲ್ಲಿ. ನನಗೆ ಕಾಣುತ್ತಿದ್ದದ್ದು ಅವಳ ಹಿಮ್ಮಡಿ, ಬೆನ್ನು, ಹೊರೆಯ ಕೆಳಗೆ ತಲೆಗೆ ಒತ್ತದಿರಲೆಂದು ಇಟ್ಟ ಬಟ್ಟೆಯ ಸಿಂಬೆ. ಅವು ಮೂರೂ ಇವತ್ತಿಗೂ ಚಿತ್ರ ಬರೆದ ಹಾಗೆ ಕಣ್ಣ ಮುಂದಿವೆ.

ಈ ಕಾಗದದ ಜೊತೆ ಆ ಸಿಂಬೆಯನ್ನು ಕಳಿಸುತ್ತಿದ್ದೇನೆ.

ಅಮ್ಮ ಹೋದ ಮೇಲೆ ದೊಡ್ಡವರು ಅವಳ ಬಟ್ಟೆಯನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟರು. ಸೌದೆ ಒಟ್ಟಿದ್ದ ಮೂಲೆಯಲ್ಲಿ ಇದು ಬಿದ್ದಿತ್ತು. ನಾನು ಲಂಗದೊಳಗೆ ಬಚ್ಚಿಟ್ಟುಕೊಂಡೆ. ಆವತ್ತಿನಿಂದ ಇದು ನನ್ನ ಪೆಟ್ಟಿಗೆಯ ತಳದಲ್ಲಿದೆ. ನಿನ್ನ ಬಾವನಿಗೂ ತೋರಿಸಿಲ್ಲ. ನಿನಗೆ ಯಾಕೆ ತೋರಿಸಲಿಲ್ಲ ಎಂದರೆ, ಅಮ್ಮನದು ಒಂದಾದರೂ ನನಗೊಬ್ಬಳಿಗೇ ಇರಲಿ ಎಂಬ ಆಸೆ. ನಿನ್ನನ್ನು ಎತ್ತಿ ಆಡಿಸಿದವಳು ಆಸೆ ಪಡಬಾರದೇ? ಆದರೆ ನನ್ನ ಮುಖಕ್ಕೆ ಅಮ್ಮ ಎಂದು ಕೈಮುಗಿದು ನೀನು ಬರೆದ ಕಾಗದ ಓದಿದ ಮೇಲೆ ಇದನ್ನು ಇಲ್ಲಿ ಇಟ್ಟುಕೊಳ್ಳಲಾಗಲಿಲ್ಲ.

ಬಿಚ್ಚಬೇಡ. ಹಳೇ ಸೀರೆ ಹರಿದು ಅವಳೇ ಸುತ್ತಿದ ಸುತ್ತು ಅದು. ಬಿಚ್ಚಿದರೆ ಮತ್ತೆ ಸುತ್ತಲು ಅವಳು ಬರುವುದಿಲ್ಲ. ಒಗೆಯಲೂಬೇಡ. ಕಟ್ಟು ಹಾಕಲು ಬಂದರೆ ಹಾಕು. ಬರದಿದ್ದರೆ ವಾಪಸು ಕಳಿಸು.

ಡಾಕ್ಟರು ಇನ್ನೊಂದು ತಿಂಗಳು ಪ್ರಯಾಣ ಬೇಡ ಎಂದಿದ್ದಾರೆ. ಈ ಮಹಾಲಯಕ್ಕೆ ನಾನು ಬರಲಾರೆ. ಸಿಟ್ಟಿನಿಂದಲ್ಲ ಎಂದು ರಾಧಳಿಗೆ ಹೇಳು.

ಅಕ್ಕ

~

ಆಂಡರ್ಸನ್‌ಪೇಟೆ
೨೨ ಸೆಪ್ಟೆಂಬರ್ ೨೦೨೫

ಅಕ್ಕ,

ನಿನ್ನೆ ಅಮಾವಾಸ್ಯೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನ ಪಾರ್ಸೆಲ್ಲನ್ನು ಅಂಗಡಿಯ ಬಾಗಿಲು ಎಳೆದುಕೊಂಡು ಒಬ್ಬನೇ ಬಿಚ್ಚಿದೆ. ಕೈಲಿ ಹಿಡಿದರೆ ಇಷ್ಟು ಹಗುರ. ನಡುವೆ ಚಪ್ಪಟೆಯಾಗಿ ಒತ್ತಿಹೋಗಿ, ಒಂದು ಕಡೆ ಜಾಸ್ತಿ ಸವೆದಿದೆ. ಹೊರೆಯನ್ನು ಅವಳು ಸ್ವಲ್ಪ ಎಡಕ್ಕೆ ವಾಲಿಸಿ ಹೊರುತ್ತಿದ್ದಳೋ ಏನೋ, ಬಲಗಂಕುಳಲ್ಲಿ ನಾನಿದ್ದಿರಬೇಕು. ಅದನ್ನು ಒಂದು ಸಲ ನನ್ನ ತಲೆಯ ಮೇಲಿಟ್ಟುಕೊಂಡೆ.

ಬೇರೆ ಪಟ್ಟಿ ತರಲಿಲ್ಲ. ನಿನ್ನ ಫೋಟೋ ಇದ್ದ ಕಟ್ಟನ್ನೇ ಬಿಚ್ಚಿದೆ. ಹಾರದ ಹಳೇ ಮೊಳೆಗಳನ್ನು ಕಿತ್ತು ಹೊರಗೆ ಎಸೆದೆ. ಹಿಂದೆ ಹಲಗೆ ಕೂಡಿಸಿ ಪೆಟ್ಟಿಗೆಯಷ್ಟು ಆಳ ಮಾಡಿದೆ. ಗಾಜು ಬಟ್ಟೆಗೆ ತಾಗಿದರೆ ಮಳೆಗಾಲದಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ, ಅದಕ್ಕೆ ನಡುವೆ ಜಾಗ ಬಿಟ್ಟೆ. ಹಿಂದಕ್ಕೆ ಬಿಳಿ ಖಾದಿ ಬಟ್ಟೆ ಹಾಸಿದೆ. ಗೋಂದು ಹಚ್ಚಲಿಲ್ಲ, ಮೊಳೆ ಹೊಡೆಯಲಿಲ್ಲ. ಸಿಂಬೆಯ ಹಳೇ ಸುತ್ತುಗಳ ನಡುವೆ ದಾರ ತೂರಿಸಿ ಬಟ್ಟೆಗೆ ಕಟ್ಟಿದೆ. ಮೊದಲು ನಡುಮಧ್ಯ ಕೂರಿಸಿದ್ದೆ. ಸೆಲ್ವರಾಜ್ ನೋಡಿ "ತಟ್ಟೇಲಿ ವಡೆ ಇಟ್ಟಂಗೆ ಇರುಕ್ಕು" ಎಂದ. ಬೈದೆ, ಆದರೆ ಅವನು ಹೇಳಿದ್ದು ನಿಜವಿತ್ತು. ತಲೆಯ ಮೇಲೆ ಇರುವ ವಸ್ತು ಮೇಲೆಯೇ ಇರಲಿ ಎಂದು ಬಿಡಿಸಿ ಮೇಲಕ್ಕೆ ಕಟ್ಟಿದೆ. ಆಗ ಕೆಳಗೆ ಅಷ್ಟಗಲ ಬಿಳಿ ಬಟ್ಟೆ ಖಾಲಿ ಉಳಿಯಿತು. ಅರ್ಧ ಕೆಲಸ ಮಾಡಿದ ಹಾಗೆ ಕಾಣುತ್ತಿತ್ತು. ಎಷ್ಟು ಯೋಚಿಸಿದರೂ ಅಲ್ಲಿ ಏನಿಡಬೇಕೆಂದು ತಿಳಿಯಲಿಲ್ಲ. ಅಮಾವಾಸ್ಯೆ ಬಂದೇಬಿಟ್ಟಿತು, ಹಾಗೇ ಅಪ್ಪನ ಪಕ್ಕ ತೂಗುಹಾಕಿದೆ. ಮನಸ್ಸಿಗೆ ಸಮಾಧಾನವಿರಲಿಲ್ಲ.

ಅಮ್ಮಾಜಮ್ಮಜ್ಜಿಯನ್ನು ಆಟೋದಲ್ಲಿ ಕರೆಸಿದ್ದೆ. ಎಡೆ ಇಟ್ಟಾಯಿತು. ರಾಧ ಅಪ್ಪನ ಗಾಜಿಗೆ ಹಣೆಯ ಹತ್ತಿರ ಗಂಧ ಹಚ್ಚಿದಳು. ಕುಂಕುಮದ ಬಟ್ಟಲು ಹಿಡಿದು ಅಮ್ಮನ ಕಡೆ ತಿರುಗಿದವಳು ಹಾಗೇ ನಿಂತಳು. "ಅತ್ತೇಗೆ ಎಲ್ಲಿಡ್ಲಿ?" ಎಂದು ನನ್ನನ್ನು ಕೇಳಿದಳು. ಸಿಂಬೆಗೆ ಕುಂಕುಮ ಇಡುವುದು ಹೇಗೆ? ಚೊಂಬಾದರೆ ಅದಕ್ಕೊಂದು ಹೊಟ್ಟೆಯಾದರೂ ಇತ್ತು.

ಅಜ್ಜಿ ಗೋಡೆಗೆ ಒರಗಿ ಕೂತಿತ್ತು. ಏನಾಯಿತು ಎಂದು ಕೇಳಿತು. ನವ್ಯ ಹೇಳಿದಳು. ಅಜ್ಜಿ ಎದ್ದು, ಅವಳ ಭುಜ ಹಿಡಿದುಕೊಂಡು ಗೋಡೆಯ ಹತ್ತಿರ ಬಂದಿತು. ಕಣ್ಣು ಗಾಜಿಗೆ ತಾಗುವಷ್ಟು ಹತ್ತಿರ ತಂದು ನೋಡಿತು. ಸಿಂಬೆಯ ನೆರಳು ಕಂಡಿತೆಂದು ಕಾಣುತ್ತದೆ, ಗಾಜಿನ ಮೇಲೆ ಕೈಯಿಟ್ಟು ಅದರ ಅಂಚು ಹಿಡಿದು ಸವರಿತು. ಅಲ್ಲಿಂದ ಬೆರಳನ್ನು ಕೆಳಕ್ಕೆ ಇಳಿಸಿತು. ಒಂದು ಕಡೆ ನಿಲ್ಲಿಸಿ, ಇನ್ನೊಂದು ಕೈಯಿಂದ ರಾಧಳ ಬಟ್ಟಲಿನ ಕುಂಕುಮ ತೆಗೆದು ಅಲ್ಲಿ ಒತ್ತಿತು.

"ಇಲ್ಲಿ ಕಣಮ್ಮಿ. ಸೌದೆ ಒರೆ ಒತ್ಕಂಡ್ರೆ ಸಿಂಬೆ ಇಲ್ಲೀಗಂಟ ಜಾರೋದು. ಅದುಕ್ಕೇ ಕುಂಕ್ಮ ಇಷ್ಟು ಕೆಳೀಕೆ ಇಡ್ತಿದ್ಲು, ಸಿಂಬೆ ತಾಗಿ ಅಳಿಸ್ಬಾರ್ದು ಅಂತ."

ಅಜ್ಜಿ ಕೈ ತೆಗೆಯಿತು. ಅಕ್ಕ, ಆ ಖಾಲಿ ಬಟ್ಟೆ ಹಣೆಯಾಗಿತ್ತು. ಮೇಲೆ ಸಿಂಬೆ, ಕೆಳಗೆ ಕುಂಕುಮ, ಅದರ ಕೆಳಗೆ ಅಮ್ಮನ ಮುಖಕ್ಕೆ ಎಷ್ಟು ಜಾಗ ಬೇಕೋ ಅಷ್ಟು ಬಿಳಿ. ಕಣ್ಣು ಮೂಗು ಯಾವುದೂ ಇರಲಿಲ್ಲ, ಆದರೆ ಯಾರೋ ಒಬ್ಬಳು ಹೊರೆ ಇಳಿಸಿ ನಮ್ಮ ಕಡೆ ತಿರುಗಿ ನಿಂತಿದ್ದಳು. ರಾಧ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು "ಅಮ್ಮ" ಎಂದೆ. ನನ್ನ ಜೀವಮಾನದಲ್ಲಿ ಒಬ್ಬರನ್ನು ನೋಡಿಕೊಂಡು ಆ ಮಾತು ಆಡಿದ್ದು ಅದೇ ಮೊದಲು.

ನವ್ಯ ನಿನಗೆ ಕಳಿಸುತ್ತೇನೆಂದು ಫೋನ್ ತೆಗೆದು ಫೋಟೋ ಹಿಡಿಯಲು ಹೋದಳು. ಬೇಡ ಎಂದೆ. ಡಾಕ್ಟರು ಹೋಗು ಎನ್ನುವ ದಿನ ನೀನೇ ಬಂದು ಅಮ್ಮನ ಎದುರಿಗೆ ನಿಂತುಕೋ. ನಾನು ಬಂಗಾರಪೇಟೆ ಸ್ಟೇಷನ್ನಿಗೆ ಬಂದಿರುತ್ತೇನೆ.

ನಿನ್ನ ತಮ್ಮ
ಸುಧಾಕರ